ಭಾವನಿಗೆಂದು ಬಿಟ್ಟ ಜಾಗ

ಸೋಫಾ ರಿಪೇರಿ ಮಾಡುವವನಿಗೆ ಢಮಾರ್ ಎಂಬ ಹೆಸರು ಬಂದದ್ದು ಅವನ ಡ್ರಮ್ಮಿನಿಂದ. ಊರಿನ ಫುಟ್‌ಬಾಲ್ ತಂಡ ಆಡುವಾಗಲೆಲ್ಲ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ನಿಂತು ಬಾರಿಸುವವನು ಅವನೇ. ಗೋಲ್‌ಕೀಪರನಿಗೆ ಜನ ಇಟ್ಟ ಹೆಸರು ಗೋಡೆ. ಡ್ರಮ್ಮು ಸದ್ದು ಮಾಡಿದ್ದೇ ತಡ, 'ನಮ್ಮ ಗೋಡೆ! ನಮ್ಮ ಗೋಡೆ!' ಎಂದು ಗ್ಯಾಲರಿಗೆ ಗ್ಯಾಲರಿಯೇ ಕೂಗುತ್ತಿತ್ತು. ಆಮೇಲೆ ಡ್ರಮ್ಮು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಆ ಜಾಗ ಭಾವನದು. ಅಕ್ಕನ ಗಂಡ, ಚಪ್ಪಲಿ ಅಂಗಡಿಯವನು, ಎಂಥಾ ಗಂಟಲು ಅಂತೀರಿ! ಒಬ್ಬನೇ 'ದಾಟೋರ್ ಯಾರು?' ಎಂದು ಗುಡುಗುತ್ತಿದ್ದ. 'ಯಾರೂ ಇಲ್ಲ!' ಎಂದು ಉಳಿದವರೆಲ್ಲ ಕುಣಿಯುತ್ತಿದ್ದರು.

ಹೀಗೆ ಹಾಲು ಜೇನಿನಂತಿದ್ದ ಭಾವ ಮೈದುನರ ನಡುವೆ ಹುಳಿ ಹಿಂಡಿದ್ದು ರಾಜಕೀಯ. ಢಮಾರನ ಪಕ್ಷದ ಅಭ್ಯರ್ಥಿ ಒಂದು ದಿನ ತಂಡದ ಹಳದಿ ಶಾಲು ಕೊರಳಿಗೆ ಸುತ್ತಿಕೊಂಡು ಮೈದಾನಕ್ಕೆ ಒಂದು ಸುತ್ತು ಹಾಕಿದ. ಆಫ್‌ಸೈಡ್ ಅಂದರೆ ಏನೆಂದು ಗೊತ್ತಿಲ್ಲದ ಮಹಾನುಭಾವ! ಭಾವನ ಪಕ್ಷ ಬೇರೆ. ಅವನು ಹೋ ಎಂದು ಗೇಲಿ ಮಾಡಿದ. ಢಮಾರ್ ಜೋರಾಗಿ ಬಾರಿಸಿ ಆ ಕೂಗನ್ನು ಅಡಗಿಸಿಬಿಟ್ಟ.

"ನನ್ನ ಬಾಯಿ ಮುಚ್ಚಿಸೋಕೆ ಡ್ರಮ್ಮಾ? ನೀನೇ ಇಟ್ಕೋ ನಿನ್ನ ಗ್ಯಾಲರೀನ," ಎಂದು ಎದ್ದು ಹೋದ ಭಾವ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪಂದ್ಯವಿದ್ದಾಗ ಅಂಗಡಿಯಲ್ಲಿ ರೇಡಿಯೋ ಕೇಳುತ್ತ ಕೂರುತ್ತಿದ್ದನಂತೆ.

ಢಮಾರ್ ಮಾತ್ರ ಆ ಜಾಗ ಬಿಡುವುದನ್ನು ನಿಲ್ಲಿಸಲಿಲ್ಲ. "ಸುಮ್ನೆ ಬಾರಿಸ್ಕೊಂಡು ಹೋಗಯ್ಯಾ," ಎಂದು ಅಕ್ಕಪಕ್ಕದವರು ಬೈದರೂ ಅವನ ಕೈ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಗ್ಯಾಲರಿ ಪೆಚ್ಚಾಗಿ ನಿಲ್ಲುತ್ತಿತ್ತು. ಈಗ ಭಾನುವಾರ ಕೊನೆಯ ಪಂದ್ಯ, ಗೆದ್ದರೆ ಕಪ್ ಊರಿಗೆ. ಭಾವನಿಲ್ಲದೆ ಗೆದ್ದರೆ ತಬ್ಬಿಕೊಳ್ಳುವುದು ಯಾರನ್ನು? ಅಕ್ಕನ ಮುಂದೆ ಅದನ್ನೇ ಹೇಳಿಕೊಂಡ.

"ನೀನೇ ಹೋಗಿ ಕರಿಯೋ," ಎಂದಳು ಅಕ್ಕ.

"ಹೋಗಿ ಕಾಲಿಗೆ ಬೀಳ್ಬೇಕಾ?"

"ಬೀಳು. ಚಪ್ಪಲಿ ಅಂಗಡಿ ತಾನೆ, ನಿನ್ನ ಅಳತೆಗೂ ಒಂದು ಜೋಡಿ ಕೊಟ್ಟು ಕಳಿಸ್ತಾರೆ."

ಅವನು ಹೋಗಲಿಲ್ಲ. ಬಿಗುಮಾನ ಅಂದರೆ ಅಷ್ಟು.

ಶುಕ್ರವಾರ ಅಭ್ಯರ್ಥಿಯ ಮೆರವಣಿಗೆ. ಪಕ್ಷದವರು ಬಿಡಲಿಲ್ಲ, ಢಮಾರನೇ ಬಾರಿಸಬೇಕಂತೆ. 'ಈ ಸಲ ಅಣ್ಣಂಗೇ' ಎಂಬ ಘೋಷಣೆಯನ್ನು ಬಾಯಿಪಾಠ ಮಾಡಿಸಿ ತೆರೆದ ಜೀಪಿನ ಮುಂದೆ ನಿಲ್ಲಿಸಿದರು. ಪೇಟೆ ಬೀದಿಯವರೆಗೆ ಎಲ್ಲವೂ ಸರಿಯಾಗಿತ್ತು. ಚಪ್ಪಲಿ ಅಂಗಡಿ ಕಣ್ಣಿಗೆ ಬಿತ್ತು ನೋಡಿ, ಬಾಗಿಲಲ್ಲಿ ಎದುರಾಳಿ ಪಕ್ಷದ ಬಾವುಟ ಬೇರೆ, ಢಮಾರನಿಗೆ ಘೋಷಣೆಯೇ ಮರೆತುಹೋಯಿತು. ಗಾಬರಿಯಲ್ಲಿ ಕೈ ತನಗೆ ಗೊತ್ತಿದ್ದನ್ನೇ ಬಾರಿಸಿತು.

ಮೆರವಣಿಗೆಯಲ್ಲಿದ್ದವರು ಯಾರು? ಅದೇ ಗ್ಯಾಲರಿಯ ಜನ. "ನಮ್ಮ ಗೋಡೆ! ನಮ್ಮ ಗೋಡೆ!" ಎಂದು ಬೀದಿ ನಡುಗುವಂತೆ ಕೂಗಿದರು. ಅಭ್ಯರ್ಥಿ ತನಗೇ ಅಂದುಕೊಂಡು ಕೈ ಮುಗಿದ. ಡ್ರಮ್ಮು ಅಭ್ಯಾಸದಂತೆ ಸುಮ್ಮನಾಯಿತು.

"ದಾಟೋರ್ ಯಾರು?"

ಅಂಗಡಿಯ ಮೆಟ್ಟಿಲ ಮೇಲೆ, ಒಂದೇ ಬೂಟು ಕೈಯಲ್ಲಿ ಹಿಡಿದು ಭಾವ ನಿಂತಿದ್ದ. ಕೂಗಿದ್ದು ತಾನೇ ಎಂಬುದು ಅವನಿಗೂ ಆಮೇಲೆಯೇ ಗೊತ್ತಾದಂತಿತ್ತು, ಮುಖ ಕೆಂಪಗಾಯಿತು. "ಯಾರೂ ಇಲ್ಲ!" ಎಂದು ಬೀದಿಯಿಡೀ ಕುಣಿಯಿತು. ಆ ಪಕ್ಷದವರು, ಈ ಪಕ್ಷದವರು, ಒಳಗೆ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕೂತಿದ್ದ ಗಿರಾಕಿ ಕೂಡ! ಢಮಾರನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಜೀಪು, ಅಭ್ಯರ್ಥಿ ಎಲ್ಲವನ್ನೂ ಬಿಟ್ಟು ಅವನು ಮೆಟ್ಟಿಲ ಹತ್ತಿರ ಹೋದ.

"ನಿಮ್ಮೋರಿಗೆ ವೋಟು ಹಾಕಲ್ಲ, ಈಗಲೇ ಹೇಳಿದೀನಿ," ಎಂದ ಭಾವ ಬೂಟನ್ನು ಒರೆಸುತ್ತ.

"ಹಾಕ್ಬೇಡಿ ಭಾವ. ಅವತ್ತು ನಾನು ಹಾಗೆ ಬಾರಿಸ್ಬಾರ್ದಿತ್ತು. ಭಾನುವಾರ ಬನ್ನಿ."

ಭಾವ ಬೂಟಿನ ಒಳಗೆ ಇಣುಕಿ ನೋಡಿದ, ಹೊರಗೆ ನೋಡಿದ.

"ಇಷ್ಟು ದಿನ ಆಯ್ತು, ಜಾಗ ಇದ್ಯೇನೋ ಅಲ್ಲಿ?"

"ಬಿಟ್ಕೊಂಡೇ ಬಾರಿಸ್ತಿದೀನಿ ಭಾವ," ಎಂದ ಢಮಾರ್.