ಮಾವನ ಹಲ್ಲು ಹುಡುಕಿದ ಕ್ವೆರಿ

ಅತ್ತೆಯ ನಿವೃತ್ತಿ ಸಮಾರಂಭ ಸಂಜೆಗೆ. ಮಾವನ ಹಲ್ಲುಸೆಟ್ಟು ಕಾಣೆಯಾದದ್ದು ಬೆಳಿಗ್ಗೆ! ಬಸ್ಸಿನ ಕಿಟಕಿಯಲ್ಲಿ ಸೀನಿದ ರಭಸಕ್ಕೆ ಹಾರಿಹೋಯಿತಂತೆ. ಹೆಂಡತಿಯನ್ನು ಹೊಗಳಲು ಎಂದೂ ಬಾಯಿ ಬಿಡದ ಪುಣ್ಯಾತ್ಮ, ಇವತ್ತು ವೇದಿಕೆಯ ಮೇಲೆ ನಾಲ್ಕು ಮಾತಾಡುತ್ತೇನೆಂದು ಒಪ್ಪಿದ್ದರು. ಆ ಖುಷಿಗೆ ಅತ್ತೆಯ ಕಾಲು ವಾರದಿಂದ ನೆಲದ ಮೇಲಿರಲಿಲ್ಲ. ಈಗ ಹಲ್ಲಿಲ್ಲದೆ ಮಾತೆಲ್ಲಿಂದ ಬರಬೇಕು?

ಸೊಸೆ ಇದ್ದದ್ದು ಬಸ್ ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ. ಬಸ್ಸಲ್ಲಿ ಸಿಕ್ಕಿದ್ದೆಲ್ಲ ಅವಳ ಎಕ್ಸ್‌ಎಂಎಲ್ ಡೇಟಾಬೇಸಿಗೆ ಇಳಿಯಬೇಕು. ಚೀಲದೊಳಗೆ ಪರ್ಸು, ಪರ್ಸಿನೊಳಗೆ ಬೀಗದಕೈ: ಸಿಕ್ಕ ಹಾಗೇ ಒಂದರ ಹೊಟ್ಟೆಯಲ್ಲಿ ಒಂದನ್ನಿಟ್ಟು ದಾಖಲಿಸುವುದು ಅಲ್ಲಿನ ಪದ್ಧತಿ. ಗೋದಾಮಿನಲ್ಲಂತೂ ಚೀಲಗಳ ಬೆಟ್ಟವೇ ಇತ್ತು.

ಬಿದ್ದದ್ದನ್ನು ಯಾರಾದರೂ ತಂದುಕೊಟ್ಟಿರಬಹುದೆಂದು ‘ಹಲ್ಲುಸೆಟ್ಟು’ ಎಂದು ಹೊಡೆದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

“ಅಕ್ಕಾ, ಅದು ಹುಡುಕೋ ಹೊತ್ತಿಗೆ ನಿಮ್ಮ ಮಾವಂಗೆ ಹೊಸ ಹಲ್ಲೇ ಹುಟ್ಟುತ್ತೆ,” ಎಂದ ಕೌಂಟರಿನ ಗುಮಾಸ್ತ.

ಮಶೀನು ಹಳೆಯದೆಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದವಳು ಇವತ್ತು ತಾನೇ ಬರೆದ ಕ್ವೆರಿಯನ್ನು, ಅಂದರೆ ಹುಡುಕುವ ಆದೇಶವನ್ನು, ಬಿಚ್ಚಿ ನೋಡಿದಳು. ಅಯ್ಯೋ ನನ್ನ ಬುದ್ಧಿಗಿಷ್ಟು! ಪ್ರತಿ ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ಒರೆಸಿ ಆಮೇಲೆ ಹೋಲಿಸು ಎಂದು ಬರೆದಿದ್ದಳು. ಹಾಗಾಗಿ ಯಾವ ಹೆಸರು ಎಲ್ಲಿದೆ ಎಂದು ತೋರಿಸಬೇಕಾದ ಇಂಡೆಕ್ಸ್ ಮೂಲೆಯಲ್ಲಿ ಸುಮ್ಮನೆ ಕೂತಿತ್ತು, ಪಾಪದ ಡೇಟಾಬೇಸು ಇದ್ದಬದ್ದ ಚೀಲಗಳನ್ನೆಲ್ಲ ಬಿಚ್ಚುತ್ತಿತ್ತು.

ಮೊದಲು ಚೀಲ ಬಿಚ್ಚದೆ ಹೊರಗಿನ ವಸ್ತುಗಳನ್ನಷ್ಟೇ ನೋಡು ಎಂದು ಬದಲಿಸಿದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ: ಸೊನ್ನೆ.

“ಬೇಗ ಬೇಗ ಇಲ್ಲ ಅನ್ನೋಕೆ ನಾನೇ ಸಾಕಲ್ಲಕ್ಕಾ!”

“ಬಾಯ್ಮುಚ್ಕೊಂಡು ಟೀ ತಾ ಹೋಗು!”

ಟೀ ಬರುವ ಮೊದಲೇ ಹೊಳೆಯಿತು. ಹುಡುಕುವಾಗ ಒರೆಸುವುದೇಕೆ? ಹೆಸರುಗಳ ಹಿಂದುಮುಂದಿನ ಖಾಲಿ ಜಾಗವನ್ನೆಲ್ಲ ಒಮ್ಮೆಗೇ ಒರೆಸಿಟ್ಟಳು, ಇಂಡೆಕ್ಸನ್ನು ಹೊಸದಾಗಿ ಕಟ್ಟಿದಳು, ಎಷ್ಟು ಒಳಗಿದ್ದರೂ ಸರಿ ನೇರ ಅದನ್ನೇ ಕೇಳು ಎಂದಳು. ಎಂಟರ್ ಒತ್ತಿದ ಬೆರಳು ಮೇಲೇಳುವ ಮುಂಚೆ ಉತ್ತರ ಬಂದು ಕೂತಿತ್ತು! ಅವಳು ಕುರ್ಚಿಯಿಂದ ಹಾರಿ ಕುಣಿದಳು. ಟೀ ತಂದ ಗುಮಾಸ್ತನೂ ಲೋಟ ಹಿಡಿದೇ ಕುಣಿದ.

ಆಮೇಲೆ ಉತ್ತರ ಓದಿದಳು. ನೀಲಿ ಚೀಲ, ಅದರೊಳಗೆ ಊಟದ ಡಬ್ಬಿ, ಅದರೊಳಗೆ ಬಾತುಕೋಳಿ ಕಸೂತಿಯ ಕರವಸ್ತ್ರ, ಅದರೊಳಗೆ ಹಲ್ಲುಸೆಟ್ಟು. ಆ ಬಾತುಕೋಳಿ ಅತ್ತೆಯ ಕೈಕೆಲಸ. ಸೀನಿಗೆ ಹಾರಿದ ಹಲ್ಲು ಕರವಸ್ತ್ರ ಸುತ್ತಿಕೊಂಡು, ಡಬ್ಬಿಯೊಳಗಿಳಿದು, ಮುಚ್ಚಳ ಬೇರೆ ಹಾಕಿಕೊಂಡಿತ್ತೆ? ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ವೇದಿಕೆಯ ಹಿಂದೆ ಡಬ್ಬಿ ಚಾಚಿದಾಗ ಮಾವನ ಮುಖ ಬಿಳಿಚಿಕೊಂಡಿತು. ಹಲ್ಲು ಕಟ್ಟಿಕೊಂಡು ಮೆಲ್ಲಗೆ ಹೇಳಿದರು: “ನಾನೇ ಬಸ್ಸಲ್ಲಿ ಬಿಟ್ಟುಬಂದಿದ್ದೆ. ನಿನ್ ಕಂಪ್ಯೂಟರ್ ಹುಡುಕಲ್ಲ ಅಂತ ನಂಬಿದ್ದೆ ಕಣಮ್ಮಾ. ಎಲ್ಲರ ಮುಂದೆ ಅತ್ತುಬಿಡ್ತೀನಿ ಅಂತ ಭಯ.”

“ಅತ್ತರೆ ಅಳಿ ಮಾವ, ಹೋಗಿ.”

ಹೋದರು. ಮೈಕು ಹಿಡಿದು “ಇವಳು...” ಅಂದರು ಅಷ್ಟೇ, ಕಣ್ಣು ತುಂಬಿತು. ಮುಂದಿನ ಸಾಲಿನಲ್ಲಿದ್ದ ಅತ್ತೆ ಎದ್ದು ನಿಂತರು.

“ಸಾಕು ಬನ್ರೀ, ನಂಗೆ ಗೊತ್ತು.”

“ಗೊತ್ತಿದ್ರೂ ಕೇಳು,” ಎಂದರು ಮಾವ ಕಣ್ಣೊರೆಸಿಕೊಂಡು. “ನಿಂಗೆ ಗೊತ್ತಿದೆ ಅಂತಲೇ ಇಷ್ಟು ವರ್ಷ ಸುಮ್ನಿದ್ದುಬಿಟ್ಟೆ.”

ಅತ್ತೆ ಕೂತರು.