ಗುಡ್ಡ ಹತ್ತಿದ ಹೊಳೆ

"ಹೊಳೆ ಎಲ್ಲಾದ್ರೂ ಗುಡ್ಡದ ನೆತ್ತಿ ಮೇಲೆ ಹರಿಯತ್ತೇನಮ್ಮಾ?"

ಭೂಗೋಳ ವಿಭಾಗದ ಕೋಣೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಹೀಗೆ ಕೇಳಿ ಕನ್ನಡಕ ತೆಗೆದಿಟ್ಟರು. ಎದುರಿಗೆ ನಿಂತಿದ್ದವಳನ್ನು ಸಹಪಾಠಿಗಳೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಮಗಳನ್ನು ಕಾಲೇಜಿಗೆ ಸೇರಿಸಲು ಬಂದು ತಾನೂ ಎಂ.ಎ.ಗೆ ಸೇರಿಕೊಂಡ ಹೆಂಗಸು. ಈಗ ಡಾಕ್ಟರೇಟಿನ ಕೊನೆಯ ಮೆಟ್ಟಿಲಾದ ಮೌಖಿಕ ಪರೀಕ್ಷೆಗೆ ಬಂದು ನಿಂತಿದ್ದಳು.

ಮೇಜಿನ ಮೇಲೆ ಅವಳು ಬರೆದ ನಕ್ಷೆ. ಪಕ್ಕದಲ್ಲಿ ಅದೇ ಸೀಮೆಯ ಉಪಗ್ರಹ ಚಿತ್ರ. ನಕ್ಷೆಯಲ್ಲಿ ನೀಲಿ ಗೆರೆಯಾಗಿ ಹರಿದಿದ್ದ ಹೊಳೆಯ ಜಾಗ ಚಿತ್ರದಲ್ಲಿ ಎತ್ತಿನ ಬೆನ್ನಿನಂತೆ ಉಬ್ಬಿತ್ತು. ಪ್ರಬಂಧವೆಲ್ಲ ನಿಂತದ್ದು ಆ ಹೊಳೆಯ ಮೇಲೆಯೇ.

"ಇದನ್ನ ನಾನು ಒಪ್ಪೋದು ಕಷ್ಟ," ಎಂದರು ಪರೀಕ್ಷಕರು. ಮಾರ್ಗದರ್ಶಕಿ ಮೇಡಂ ಮುಖ ಸಣ್ಣಗಾಯಿತು.

ದೊಡ್ಡಕ್ಕನ ಕಣ್ಣಿಗೂ ಅಲ್ಲಿ ಕಂಡದ್ದು ಗುಡ್ಡವೇ! ಆದರೆ ಆ ಕಣಿವೆಗೆ ಅವಳು ಕಾಲಾರೆ ಇಳಿದಿದ್ದಳು, ಹೊಳೆಯ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದಳು. ದೇವರೇ, ನೀನು ಮಾಡಿಟ್ಟದ್ದನ್ನು ಸುಳ್ಳೆನ್ನಲು ನಾನಾರು, ಎಂದುಕೊಂಡು ಕಣ್ಣು ಮುಚ್ಚಿದಳು. ತೆರೆದಾಗ ಮೊದಲು ಕಂಡದ್ದು ನೆರಳು. ಎಲ್ಲ ನೆರಳೂ ಚಿತ್ರದ ಮೇಲಂಚಿನ ಕಡೆಗೇ ಬಿದ್ದಿತ್ತು.

"ಸರ್, ಇದ್ರಲ್ಲಿ ಬಿಸಿಲು ಕೆಳಗಿನ ಅಂಚಿಂದ ಬಂದಿದೆ. ಬೆಳಕು ಮೇಲಿಂದಾನೇ ಬರ್ಬೇಕು ಅಂತ ನಮ್ಮ ಕಣ್ಣಿಗೆ ಹಠ. ಅದಕ್ಕೇ ತಗ್ಗೆಲ್ಲ ದಿಬ್ಬ ಆಗಿ ಕಾಣತ್ತೆ. ಸ್ವಲ್ಪ ಕೊಡಿ ಇಲ್ಲಿ."

ಚಿತ್ರವನ್ನು ತಲೆಕೆಳಗು ಮಾಡಿ ಅವರ ಮುಂದಿಟ್ಟಳು.

ಪರೀಕ್ಷಕರು ಕನ್ನಡಕ ಏರಿಸಿದರು. ಅವರು ನೋಡುತ್ತಿದ್ದಂತೆಯೇ ಗುಡ್ಡ ಕುಸಿದು ಕಣಿವೆಯಾಯಿತು. ಅದರ ತಳದಲ್ಲಿ ಹೊಳೆ ತಣ್ಣಗೆ ಮಲಗಿತ್ತು.

"ಅಯ್ಯೋ ನನ್ನ ಬುದ್ಧಿಯೇ! ವರ್ಷಾ ವರ್ಷಾ ಹುಡುಗರಿಗೆ ಇದೇ ಪಾಠ ಹೇಳಿ ಹೇಳಿ, ಕೊನೆಗೆ ನಾನೇ ಗುಂಡಿಗೆ ಬಿದ್ನಲ್ಲಾ!" ಹೊಟ್ಟೆ ಹಿಡಿದು ನಕ್ಕರು. "ಮೇಡಂ, ನನ್ನ ತಕರಾರು ಮುಗೀತು. ಡಾಕ್ಟರಮ್ಮನ್ನ ಮೊದಲು ಕೂರಿಸಿ."

"ಕೂತ್ಕೊಳ್ಳೇ ಮಹಾರಾಯ್ತಿ, ನನ್ನ ಜೀವಾನೇ ಹೋಗಿತ್ತು," ಎಂದರು ಮೇಡಂ.

ಕೂರುವಷ್ಟು ತಾಳ್ಮೆ ಯಾರಿಗಿತ್ತು? ದೊಡ್ಡಕ್ಕ ಬಾಗಿಲಿಗೆ ಬಂದಳು. ಹೊಲಿಗೆ ಅಂಗಡಿ ಮುಚ್ಚಿ ಓಡಿ ಬಂದಿದ್ದ ಗಂಡ ಅವಳ ಹೆಗಲ ಮೇಲಿಂದ ಒಳಗೆ ಇಣುಕಿದ.

"ಲೇ, ಅಷ್ಟು ಓದಿದೋರು ಚಿತ್ರಾನ ಬುಡಮೇಲಾಗಿ ಇಟ್ಕೊಂಡು ನೋಡ್ತಿದಾರಲ್ಲೇ!"

"ಶ್, ಹಾಗೇ ನೋಡ್ಬೇಕು ರೀ."

"ಹೋಗ್ಲಿ, ಪಾಸೋ?"

"ಪಾಸು."

ಅವನು ಕೊರಳಲ್ಲೇ ಮರೆತು ಬಂದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತ.