ಕೊಕ್ಕೇ ಕರಣೆ

“ಲೋ ದಂಡಪಿಂಡ! ಗೋಡೆಗೆ ಮೆತ್ತು ಅಂತ ಸಿಮೆಂಟು ಕೊಟ್ರೆ ಮರಕ್ಕೆ ಮೆತ್ತಿದ್ದೀಯಲ್ಲೋ! ಮೂಗು ಬೆಳೆದಷ್ಟು ಬುದ್ಧಿ ಬೆಳೀಲಿಲ್ಲ ನಿಂಗೆ.”

ಮೇಸ್ತ್ರಿ ಬೈದದ್ದು ಕೇಳಿ ಚಹಾ ಕುಡಿಯುತ್ತಿದ್ದ ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. ಗಾರೆಯವನ ಕಿವಿ ಕೆಂಪಾಯಿತು. ಅವನ ಮೂಗು ಉದ್ದವೇ. ಎಲ್ಲರೂ ಕರೆಯುವುದೂ ‘ಮೂಗಣ್ಣ’ ಎಂದೇ. ಆದರೆ ದಡ್ಡ ಎನ್ನಿಸಿಕೊಂಡದ್ದು ಇದೇ ಮೊದಲು.

ಅವರು ಕಟ್ಟುತ್ತಿದ್ದ ಆಸ್ಪತ್ರೆಯ ಪಕ್ಕ ಒಂದು ಹಳೆಯ ಮರವಿತ್ತು. ಹೋದ ವಾರ ಬಾಯಿ ತೆರೆದಿದ್ದ ಅದರ ಪೊಟರೆ ಈಗ ನೀಟಾಗಿ ಮುಚ್ಚಿತ್ತು. ನಡುವೆ ಒಂದು ಸೀಳು, ಅಷ್ಟೆ.

“ನಾನಲ್ಲ ಮೇಸ್ತ್ರಿ.”

“ಮತ್ತಿನ್ಯಾರು, ಮರಾನೇ ಮೆತ್ಕೊಂಡಿತಾ? ಉಳಿ ತಗೊಂಡು ಹತ್ತು, ಒಡಿ. ಟೊಳ್ಳು ಮರ, ನಾಳೆ ಬುಡಾನೇ ಕಡಿಸ್ತೀನಿ.”

ಮೂಗಣ್ಣ ಏಣಿ ಹತ್ತಿದ. ಬೆರಳಿಟ್ಟು ನೋಡಿದ. ಮರಳಿಲ್ಲ, ಸಿಮೆಂಟಿಲ್ಲ, ಬೀಜ, ಸಿಪ್ಪೆ, ಹಿಕ್ಕೆ! ಉಳಿ ತಾಗಿಸಿದ್ದೇ ತಡ, ಸೀಳಿನಿಂದ ಒಂದು ಹಳದಿ ಕೊಕ್ಕು ಹೊರಬಂದು ‘ಟಕ್’ ಎಂದು ಉಳಿಗೇ ಕುಕ್ಕಿತು.

“ಅಯ್ಯೋ, ಒಳಗೆ ಹಕ್ಕಿ ಇದೆ!”

“ಪಾಪ, ಯಾರೋ ಕೂಡಿ ಹಾಕಿದ್ದಾರೆ. ಬೇಗ ಒಡಿಯೋ!” ಎಂದು ಕೆಳಗಿದ್ದವರು ಕೂಗಿದರು.

“ತಮ್ಮಾ, ಉಳಿ ಇಳಿಸು!” ಪಕ್ಕದ ಸಸಿತೋಟದ ಅಕ್ಕ ನೀರಿನ ಪೈಪು ಬಿಸಾಕಿ ಓಡಿಬಂದಳು. “ಯಾರೂ ಕೂಡಿ ಹಾಕಿಲ್ಲ. ಅದು ಮಂಗಟ್ಟೆ. ಹೆಣ್ಣು ಒಳಗೆ ಕೂತು, ಕೊಕ್ಕಲ್ಲೇ ತಟ್ಟಿ ತಟ್ಟಿ ಬಾಗಿಲು ಮೆತ್ಕೊಳ್ಳುತ್ತೆ. ಹಾವು, ಕೋತಿ ನುಗ್ಗಬಾರದಲ್ಲ!”

“ಅಂದ್ರೆ ಗಾರೆ ಮೆತ್ತೋಕೆ ಅದಕ್ಕೆ ಕೊಕ್ಕೇ ಕರಣೆ!” ಎಂದ ಮೂಗಣ್ಣ.

ಮೇಸ್ತ್ರಿ ನಂಬಲಿಲ್ಲ. “ಆಯ್ತಮ್ಮ, ಊಟಕ್ಕೇನು ಗತಿ?”

“ಗಂಡ ತರ್ತಾನೆ.”

“ಆ ಭಾರದ ಕೊಕ್ಕು ಹೊತ್ಕೊಂಡಾ?”

“ನೋಡೋಕೆ ಭಾರ, ಒಳಗೆಲ್ಲ ಹಗುರ. ತೆಳ್ಳಗಿನ ಕೊಂಬೆ ಅವನ ಭಾರ ತಡೆಯಲ್ಲ. ಗಟ್ಟಿ ಕೊಂಬೇಲಿ ಕೂತು, ಕೊಕ್ಕು ಚಾಚಿ ತುದೀಲಿರೋ ಹಣ್ಣು ಕೀಳ್ತಾನೆ. ತಂದು ಈ ಸೀಳಲ್ಲಿ ಕೊಡ್ತಾನೆ. ಗಿಡ್ಡ ಮೂತಿ ಇದ್ದಿದ್ರೆ ಹೆಂಡತಿ ಮಕ್ಕಳು ಉಪವಾಸ!”

“ಈಗ ಒಡೆದ್ರೆ?”

“ಅವಳು ರೆಕ್ಕೆಗರಿ ಉದುರಿಸಿ ಕೂತಿದ್ದಾಳೆ ಅಣ್ಣ. ಹಾರೋಕಾಗಲ್ಲ. ತಾಯಿ, ಮೊಟ್ಟೆ ಎಲ್ಲಾ ಹೋಯ್ತು.”

ಅಷ್ಟರಲ್ಲಿ ‘ಭರ್ ಭರ್’ ಎಂದು ರೆಕ್ಕೆಯ ಸದ್ದು. ಮೂಗಣ್ಣ ಸರಸರನೆ ಏಣಿ ಇಳಿದ, ಎಲ್ಲರೂ ಗೋಡೆ ಹಿಂದೆ ಅಡಗಿದರು. ಗಂಡು ಬಂದು ಕೂತು, ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಕೊಕ್ಕಿನ ತುದಿಯಿಂದ ಸೀಳಿಗೆ ದಾಟಿಸಿತು. ಮೇಸ್ತ್ರಿಯ ಚಹಾ ಕೈಯಲ್ಲೇ ಆರಿತು.

“ಹನ್ನೊಂದು ಹಣ್ಣು! ಒಂದೂ ಬೀಳಿಸಲಿಲ್ವಲ್ಲ!” ಎಂದು ಪಿಸುಗುಟ್ಟಿದ. “ಮರ ಇರ್ಲಿ ಬಿಡಮ್ಮ. ಮರದ ಕಡೆ ಗೋಡೆ ಕೆಲಸ, ಮರಿ ಹಾರಿದ ಮೇಲೇ ಆಗ್ಲಿ.”

ಓದುವ ಅಣ್ಣಂದಿರೇ, ಅಕ್ಕಂದಿರೇ, ಟೊಳ್ಳು ಮರ ಎಂದರೆ ಸತ್ತ ಮರವಲ್ಲ, ಯಾರದೋ ಮನೆ. ಇಂಥ ಹಕ್ಕಿಗೆ ದೊಡ್ಡ ಪೊಟರೆಯೇ ಬೇಕು. ಸಣ್ಣ ಮರದಲ್ಲಿ ಅದು ಸಿಗದು. ಕೊಡಲಿ ಎತ್ತುವ ಮೊದಲು ತಲೆಯೆತ್ತಿ ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳಲು ನಾಚಿಕೆಯೇ? ಕೇಳದೆ ಒಂದು ಸಂಸಾರವನ್ನು ಕೊಲ್ಲಲು ನಾಚಿಕೆಯಾಗುವುದಿಲ್ಲವೇ?

ಇತ್ತ ಮೂಗಣ್ಣ ಎಲ್ಲರೆದುರಿಗೇ ಕೇಳಿದ: “ಮೇಸ್ತ್ರಿ, ಉದ್ದ ಮೂಗಿಗೆ ಬುದ್ಧಿ ಇಲ್ಲ ಅಂದ್ರಲ್ಲ, ಈಗೇನಂತೀರಿ?”

ಮೇಸ್ತ್ರಿ ಮರಕ್ಕೆ ಒರಗಿಸಿದ್ದ ಏಣಿಯನ್ನು ಸದ್ದಾಗದಂತೆ ತೆಗೆದು, ತಾನೇ ಹೆಗಲಿಗೇರಿಸಿಕೊಂಡು, ತಿರುಗಿಯೂ ನೋಡದೆ ನಡೆದುಬಿಟ್ಟ.